ಇಡ್ಲಿ ಮತ್ತು ಚಾ

ನಮ್ಮ ಸಾಹಿತ್ಯ ಮಂಡಳದ ಸಂಪಾದಕ ಮಿತ್ರರು ಮೊನ್ನೆ ಮನೆಗೆ ಬಂದಿದ್ದರು. "ಸಾರ್, ಈ ಸಲದ ಸಂಚಿಕೆಗೆ ಹದಿನಾಲ್ಕು ಕವನಗಳು ಬಂದಿವೆ. ಹದಿನಾಲ್ಕರಲ್ಲೂ ಸಾವು ಇದೆ. ನೀವು ಹಳೆ ವಿದ್ಯಾರ್ಥಿ, ಏನಾದರೂ ಲಘುವಾದದ್ದು ಬರೆದುಕೊಡಬೇಕು" ಎಂದರು. ಅವರ ಕೈಯಲ್ಲಿ ಬಿಸಿ ಚಹಾದ ಲೋಟವಿತ್ತು, ಮುಂದಿನ ತಟ್ಟೆಯಲ್ಲಿ ಖಾರದ ಚಕ್ಕುಲಿ ಇತ್ತು. ಮಾತಿನ ನಡುವೆ ಅವರು ಚಕ್ಕುಲಿಯನ್ನು ಮುರಿದು ಚಹಾದಲ್ಲಿ ಅದ್ದಿದರು. ಅದ್ದಿದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಕೂಡಲೇ, ಕದಿಯುವಾಗ ಸಿಕ್ಕಿಬಿದ್ದವರ ಹಾಗೆ, "ಅಭ್ಯಾಸ ಸಾರ್" ಎಂದು ನಾಚಿಕೊಂಡರು.

"ಇದರ ಬಗ್ಗೆಯೇ ಬರೆಯುತ್ತೇನೆ" ಎಂದೆ.

"ಬರೆಯಿರಿ ಸಾರ್. ತಿಂಡಿಯ ವಿಷಯದಲ್ಲಿ ಸಾವು ಬರುವುದಿಲ್ಲ" ಎಂದು ಸಮಾಧಾನಪಟ್ಟುಕೊಂಡು ಹೋದರು. ನೋಡೋಣ.

ಲೋಕದಲ್ಲಿ ಜೋಡಿಗಳಿಗೆ ಕೊರತೆಯಿಲ್ಲ. ಇಡ್ಲಿಗೆ ಸಾಂಬಾರು, ಪೂರಿಗೆ ಬಟಾಟೆ ಪಲ್ಯ, ಜೋಳದ ರೊಟ್ಟಿಗೆ ಎಣ್ಣೆಗಾಯಿ, ಹೋಳಿಗೆಗೆ ತುಪ್ಪ. ಇವೆಲ್ಲ ಗುರುಹಿರಿಯರು ಜಾತಕ ನೋಡಿ ನಿಶ್ಚಯಿಸಿದ ಮದುವೆಗಳು. ಇವುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಾತಾಡುವುದು ಓಡಿಹೋಗಿ ಮದುವೆಯಾದ ಜೋಡಿಗಳ ಬಗ್ಗೆ ಮಾತ್ರ. ಮಾವಿನ ಹಣ್ಣನ್ನು ಮೊಸರನ್ನಕ್ಕೆ ಹಿಂಡುವವನು, ಸೀಬೆಹಣ್ಣಿಗೆ ಮೆಣಸಿನಪುಡಿ ಸವರುವವನು, ಉಪ್ಪಿಟ್ಟಿನ ಜೊತೆಗೆ ಬಾಳೆಹಣ್ಣು ಸುಲಿಯುವವನು, ಇವರನ್ನು ಕಂಡರೆ ಪಕ್ಕದ ಮೇಜಿನವರ ಹುಬ್ಬು ಮೇಲೇರುತ್ತದೆ. ಆದರೆ ಹುಬ್ಬೇರಿಸಿದವರ ತಟ್ಟೆಯನ್ನೂ ಸ್ವಲ್ಪ ಬಗ್ಗಿ ನೋಡಬೇಕು. ಅಲ್ಲಿಯೂ ಒಂದು ಜೋಡಿ ಗುಟ್ಟಾಗಿ ಸಂಸಾರ ಮಾಡುತ್ತಿರುತ್ತದೆ. ತನ್ನ ಊರಿನ ಜೋಡಿ ಸಹಜ, ಪಕ್ಕದ ಊರಿನದ್ದು ವಿಚಿತ್ರ, ಪಕ್ಕದ ರಾಜ್ಯದ್ದು ಅಸಹ್ಯ! ಇಷ್ಟೇ ಸೂತ್ರ.

ನಮ್ಮ ಉಡುಪಿ ಸೀಮೆಯನ್ನೇ ತೆಗೆದುಕೊಳ್ಳಿ. ಅಲ್ಲಿ 'ಬನ್ಸ್' ಎಂಬ ತಿಂಡಿಯುಂಟು. ಕಪ್ಪಾಗುವಷ್ಟು ಕಳಿತ ಬಾಳೆಹಣ್ಣನ್ನು ಹಿಸುಕಿ, ಸಕ್ಕರೆ, ಮೊಸರು, ಜೀರಿಗೆ, ಉಪ್ಪು ಸೇರಿಸಿ, ಮೈದಾ ಹಾಕಿ ಕಲಸಿ, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಪೂರಿಗಿಂತ ದಪ್ಪಕ್ಕೆ ಲಟ್ಟಿಸಿ ಎಣ್ಣೆಯಲ್ಲಿ ಕರಿದರೆ ಬನ್ಸ್. ಇಷ್ಟು ಸಿಹಿಯಾದ ವಸ್ತುವಿಗೆ ನಾವು ಕೊಡುವ ಜೊತೆ ಯಾವುದು? ಖಾರದ ತೆಂಗಿನಕಾಯಿ ಚಟ್ನಿ, ಇಲ್ಲವೆ ಸಾಂಬಾರು. ಇನ್ನೊಂದು ಸಜ್ಜಿಗೆ-ಬಜಿಲ್. ತುಳುವಿನಲ್ಲಿ ಸಜ್ಜಿಗೆ ಎಂದರೆ ಉಪ್ಪಿಟ್ಟು, ಬಜಿಲ್ ಎಂದರೆ ಅವಲಕ್ಕಿ. ಉಪ್ಪಿಟ್ಟಿನ ಮೇಲೆ ಖಾರದ ಅವಲಕ್ಕಿ ಸುರಿದು ಕಲಸಿ ತಿನ್ನುವುದು. ತಿಂಡಿಯ ಮೇಲೆ ತಿಂಡಿ! ಘಟ್ಟದ ಮೇಲಿನವರು ಇದನ್ನು ನೋಡಿದರೆ, ಮಾಣಿ ಎರಡು ಗಿರಾಕಿಗಳ ಆರ್ಡರನ್ನು ಒಂದೇ ತಟ್ಟೆಗೆ ಹಾಕಿಬಿಟ್ಟ ಎಂದುಕೊಳ್ಳುತ್ತಾರೆ. ಇನ್ನು ಅನಾನಸಿನ ಮೆಣಸ್ಕಾಯಿ, ಕಾಟುಮಾವಿನ ಹಣ್ಣಿನ ಗೊಜ್ಜು. ಹಣ್ಣು, ಬೆಲ್ಲ, ಉಪ್ಪು, ಮೆಣಸು ಎಲ್ಲವೂ ಒಂದೇ ಪಾತ್ರೆಯಲ್ಲಿ.

ಇಂಥ ಊರಿನಲ್ಲಿದ್ದುಕೊಂಡೂ ನನ್ನ ಅಜ್ಜಿ ಜೋಡಿಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. "ಇದಕ್ಕೆ ಅದು ಆಗುದಿಲ್ಲ" ಎಂಬುದು ಅವರ ದಿನದ ಮಂತ್ರ. ಹಾಲಿಗೆ ಹುಳಿ ಆಗದು, ಜೇನಿಗೆ ತುಪ್ಪ ಸಮಸಮ ಆಗದು. ಇದನ್ನು ಅಜ್ಜಿಯ ಹಟ ಎಂದೇ ತಿಳಿದಿದ್ದೆ. ಚರಕ ಸಂಹಿತೆಯ ಸೂತ್ರಸ್ಥಾನದ ೨೬ನೆಯ ಅಧ್ಯಾಯದಲ್ಲಿ ವಿರುದ್ಧಾಹಾರವೆಂದು ಇಂಥವುಗಳ ದೊಡ್ಡ ಪಟ್ಟಿಯೇ ಇದೆಯೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮೀನು ಮತ್ತು ಹಾಲು ಕೂಡದು ಎಂಬುದು ಅದರಲ್ಲಿ ಮುಖ್ಯವಾದದ್ದು. ಅತ್ತ ಬಂಗಾಳದವರು ಮೀನನ್ನು ಮೊಸರಿನಲ್ಲಿ ಬೇಯಿಸಿ ಮದುವೆಯಲ್ಲಿ ಬಡಿಸುತ್ತಾರೆ. ಕಾಶ್ಮೀರದವರು ಚಹಾಕ್ಕೆ ಉಪ್ಪು ಹಾಕಿ, ಸೋಡಾ ಹಾಕಿ, ಗುಲಾಬಿ ಬಣ್ಣ ಬರಿಸಿ ಕುಡಿಯುತ್ತಾರೆ. ಅಜ್ಜಿ ಅಲ್ಲಿಗೆ ಹೋಗದಿದ್ದದ್ದು ಒಳ್ಳೆಯದೇ ಆಯಿತು.

ಅಜ್ಜಿ ಹೇಳಿದ್ದೆಲ್ಲ ಸುಳ್ಳೂ ಅಲ್ಲ. ಹಸಿ ಅನಾನಸು ಹೆಚ್ಚಿ ಹಾಲಿಗೆ ಹಾಕಿಟ್ಟು ನೋಡಿ, ಸ್ವಲ್ಪ ಹೊತ್ತಿಗೆ ಕಹಿಯಾಗುತ್ತದೆ. ಆ ಹಣ್ಣಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಅದು ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ, ಆ ತುಂಡುಗಳು ನಾಲಿಗೆಗೆ ಕಹಿ. ಅದೇ ಅನಾನಸನ್ನು ಬೇಯಿಸಿದರೆ ಕಿಣ್ವ ಸಾಯುತ್ತದೆ, ಜಗಳ ಮುಗಿಯುತ್ತದೆ. ನಮ್ಮ ಮೆಣಸ್ಕಾಯಿಯಲ್ಲಿ ಅನಾನಸು ಚೆನ್ನಾಗಿ ಬೆಂದಿರುತ್ತದೆ. ಅಂದರೆ ಕೆಲವು ಜೋಡಿಗಳು ಕೂಡುವುದಿಲ್ಲ, ಕೆಲವು ಬೆಂದ ಮೇಲೆ ಕೂಡುತ್ತವೆ.

ನಾನು ಮುಂಬಯಿಗೆ ಬಂದದ್ದು ೧೯೭೯ರಲ್ಲಿ, ಊರಿನಲ್ಲಿ ಪಿಯುಸಿ ಮುಗಿಸಿ. ವಿಲೇಪಾರ್ಲೆಯ ಚಾಳಿನಲ್ಲಿ ಸೋದರಮಾವನ ಒಂದೇ ಖೋಲಿ. ಅದರಲ್ಲಿ ಅವರ ಸಂಸಾರದ ಜೊತೆಗೆ ನಾನೂ ಒಬ್ಬ. ೧೯೨೯ರಲ್ಲಿ ಶುರುವಾದ ಪಾರ್ಲೆ ಬಿಸ್ಕತ್ತಿನ ಕಾರ್ಖಾನೆ ಆಗ ಅಲ್ಲಿ ನಡೆಯುತ್ತಿತ್ತು. ೨೦೧೬ರಲ್ಲಿ ಮುಚ್ಚಿತು. ಲೋಕಲ್ ಗಾಡಿ ಪಾರ್ಲೆ ಸಮೀಪಿಸಿದರೆ ಬಾಗಿಲಲ್ಲಿ ನೇತಾಡುತ್ತಿದ್ದವರ ಮೂಗಿಗೂ ಬೇಯುವ ಬಿಸ್ಕತ್ತಿನ ಪರಿಮಳ. ಸ್ಟೇಷನ್ನಿನ ಹೆಸರು ಓದದೆಯೇ ಜನ ಇಳಿಯುತ್ತಿದ್ದರು. ಆ ಬಿಸ್ಕತ್ತನ್ನು ಚಹಾದಲ್ಲಿ ಎಷ್ಟು ಹೊತ್ತು ಅದ್ದಬೇಕು ಎನ್ನುವುದು ಮುಂಬಯಿ ನನಗೆ ಕಲಿಸಿದ ಮೊದಲ ಪಾಠ. ಕಡಿಮೆಯಾದರೆ ಗಟ್ಟಿ, ಒಂದು ಕ್ಷಣ ಹೆಚ್ಚಾದರೆ ಲೋಟದ ತಳಕ್ಕೆ.

ಎರಡನೆಯ ಪಾಠ ಇರಾಣಿ ಹೋಟೆಲಿನಲ್ಲಿ. ಧೋಬಿ ತಲಾವಿನ ಕಯಾನಿಯಂಥವು (ಅದು ೧೯೦೪ರಿಂದ ಇದೆ) ನಮ್ಮ ಕಿಸೆಗೆ ಹೊಂದುವ ಸ್ವರ್ಗಗಳಾಗಿದ್ದವು. ಸಿಹಿ ಬನ್ನನ್ನು ಸೀಳಿ, ಉಪ್ಪಿನ ಬೆಣ್ಣೆ ಮೆತ್ತಿ, ಸಕ್ಕರೆ ಸುರಿದ ಚಹಾದಲ್ಲಿ ಅದ್ದಿ ತಿನ್ನುವುದು. ಬೆಣ್ಣೆ ಚಹಾದ ಮೇಲೆ ಹಳದಿ ಚಂದ್ರರಾಗಿ ತೇಲುತ್ತದೆ. ಊರಲ್ಲಿ ಚಾದಲ್ಲಿ ಎಣ್ಣೆ ತೇಲಿದರೆ ಅಮ್ಮ ಲೋಟ ತೊಳೆದದ್ದು ಸರಿಯಿಲ್ಲ ಎಂದು ಬೈಯುತ್ತಿದ್ದರು. ಇಲ್ಲಿ ಅದಕ್ಕೇ ಕಾಸು!

ಆಮೇಲೆ ಮಾಟುಂಗಾದ ಕಾಲೇಜು, ಅಲ್ಲಿಯ ಕನ್ನಡ ಮಂಡಳ. ನಾವು ಹತ್ತು ಹನ್ನೆರಡು ಮಂದಿ. ಕನ್ನಡ ಒಂದೇ, ನಾಲಿಗೆ ಹತ್ತು. ಮೊದಲ ಸಭೆಯಲ್ಲಿ ಕವಿಗೋಷ್ಠಿಗೆ ಯಾರನ್ನು ಕರೆಯಬೇಕೆಂದು ಚರ್ಚಿಸಲು ಕೂತವರು, ಮುಂದಿರುವ ಪಾನೀಯವನ್ನು ಚಾ ಎನ್ನಬೇಕೋ, ಚಹಾ ಎನ್ನಬೇಕೋ, ಟೀ ಎನ್ನಬೇಕೋ ಎಂಬಲ್ಲಿಗೆ ಬಂದು ನಿಂತೆವು. ಅಲ್ಲಿಂದ ಮಾತು ಅದರ ಜೊತೆಗೆ ಏನು ತಿನ್ನಬೇಕು ಎಂಬುದಕ್ಕೆ ಹರಿಯಿತು. ಧಾರವಾಡದ ಗೆಳೆಯ, "ಚಹಾದಾಗ ಚಪಾತಿ ಸುರಳಿ ಮಾಡಿ ಅದ್ದಿ ತಿಂದ ನೋಡ್ರಿಲೇ, ಆಮ್ಯಾಲ ಸಾಹಿತ್ಯದ ಮಾತ ಆಡ್ರಿ" ಎಂದ. ಸೊಲ್ಲಾಪುರದವನು, ಕಡಕ್ ಭಾಕ್ರಿ ಮುರಿದು ಮೊಸರು ಹಾಕಿ ಮೇಲೆ ಶೇಂಗಾ ಚಟ್ನಿ ಉದುರಿಸದವನಿಗೆ ಜನ್ಮವೇ ವ್ಯರ್ಥ ಎಂದ. ಮೈಸೂರಿನ ಹುಡುಗಿ, ಚೌಚೌ ಭಾತಿನಲ್ಲಿ ಖಾರಾಭಾತು ಮತ್ತು ಕೇಸರಿಭಾತಿನ ಗಡಿಯಿಂದ ಒಂದೇ ಚಮಚದಲ್ಲಿ ಎರಡನ್ನೂ ಎತ್ತುವ ಕಲೆಯನ್ನು ಕೈಯಲ್ಲೇ ಮಾಡಿ ತೋರಿಸಿದಳು. ನಮ್ಮ ತರಗತಿಯ ಗುಜರಾತಿ ಹುಡುಗ ಕನ್ನಡ ಬಾರದಿದ್ದರೂ ಚಹಾದ ಆಸೆಗೆ ಬಂದು ಕೂರುತ್ತಿದ್ದ. ದಸರಾ ದಿನ ಬೆಳಿಗ್ಗೆ ತಮ್ಮ ಕಡೆ ಫಾಫಡಾ-ಜಿಲೇಬಿ ಆಗಲೇಬೇಕು, ಒಂದು ಕಚ್ಚು ಕಡಲೆಹಿಟ್ಟಿನ ಉಪ್ಪು, ಒಂದು ಕಚ್ಚು ಸಕ್ಕರೆಪಾಕ ಎಂದು ಹಿಂದಿಯಲ್ಲಿ ವಿವರಿಸಿದ.

"ನಿಮ್ಮ ಕಡೆ ಏನ್ರೀ?" ಎಂದು ನನ್ನನ್ನು ಕೇಳಿದರು. ಬನ್ಸ್ ಹೇಳಿದೆ, ಸಜ್ಜಿಗೆ-ಬಜಿಲ್ ಹೇಳಿ ನಗಿಸಿದೆ. ಒಂದನ್ನು ಮಾತ್ರ ಹೇಳಲಿಲ್ಲ. ಅದು ನಮ್ಮ ಕಡೆಯದ್ದಲ್ಲ, ನಮ್ಮ ಮನೆಯದ್ದು. ನನ್ನ ಅಪ್ಪಯ್ಯ ಇಡ್ಲಿಯನ್ನು ಚಾದಲ್ಲಿ ಅದ್ದಿ ತಿನ್ನುತ್ತಿದ್ದರು.

ಅಪ್ಪಯ್ಯ ಮುಂಬಯಿಗೆ ಬಂದಾಗ ಅವರಿಗೆ ಹದಿಮೂರು ವರ್ಷ. ನಮ್ಮ ಕಡೆಯ ಸಾವಿರಾರು ಹುಡುಗರ ಹಾಗೆ, ಒಂದು ಚಡ್ಡಿ, ಒಂದು ವಿಳಾಸ ಹಿಡಿದುಕೊಂಡು ಬಂದವರು. ಕಪ್ಪು-ಬಸಿ ತೊಳೆಯುವುದರಿಂದ ಶುರು, ಆಮೇಲೆ ಮೇಜು ಒರೆಸುವುದು, ಆಮೇಲೆ ಸಪ್ಲಾಯರ್. ಕೋಟೆಯಲ್ಲಿದ್ದಾಗ ಕೆಲಸ ಮುಗಿಸಿ ಕನ್ನಡ ರಾತ್ರಿಶಾಲೆಗೆ ಹೋಗಿ ಒಂಬತ್ತನೆಯ ತರಗತಿ ಓದಿದ್ದರು. ಹೋಟೆಲು ಬದಲಾದಾಗ ಶಾಲೆ ನಿಂತಿತು. ನಾನು ಬರುವ ಹೊತ್ತಿಗೆ ಪರೇಲಿನ ಒಂದು ಹೋಟೆಲಿನಲ್ಲಿದ್ದರು. ಸುತ್ತ ಬಟ್ಟೆ ಗಿರಣಿಗಳು. ಪಾಳಿ ಬಿಟ್ಟಾಗಲೆಲ್ಲ ಗಿರಣಿಯ ಜನ ನುಗ್ಗುತ್ತಿದ್ದರು. ಅವರಿಗಾಗಿ ಉಡುಪಿಯ ಭಟ್ಟರು ಉಸಳ್ ಮಾಡಲು ಕಲಿತಿದ್ದರು, ಇಡ್ಲಿಯ ಪಕ್ಕದಲ್ಲಿ ಪಾವ್ ಬಂದು ಕೂತಿತ್ತು. ಆ ಪಾವ್ ಎಂಬ ಹೆಸರು ಪೋರ್ಚುಗೀಸರದ್ದು, ವಡೆಯೊಳಗಿನ ಬಟಾಟೆಯೂ ಚಟ್ನಿಯ ಮೆಣಸೂ ಅವರ ಹಡಗುಗಳ ಕಾಲದಲ್ಲಿ ಅಮೇರಿಕದಿಂದ ಬಂದವು. ವಡಾಪಾವ್ ಹುಟ್ಟಿದ್ದು ೧೯೬೬ರಲ್ಲಿ, ದಾದರ್ ಸ್ಟೇಷನ್ನಿನ ಹೊರಗೆ ಅಶೋಕ ವೈದ್ಯ ಎಂಬವರ ಗಾಡಿಯಲ್ಲಿ ಎನ್ನುತ್ತಾರೆ. ಮುಂಬಯಿಯಲ್ಲಿ ತಟ್ಟೆಯ ಮೇಲಿರುವುದೆಲ್ಲ ಎಲ್ಲಿಂದಲೋ ವಲಸೆ ಬಂದದ್ದೇ. ನಮ್ಮ ಹಾಗೆ.

ನಾನು ವಾರಕ್ಕೊಮ್ಮೆ ಅಪ್ಪಯ್ಯನನ್ನು ನೋಡಲು ಹೋಗುತ್ತಿದ್ದೆ, ಹಿಂದಿನ ಬಾಗಿಲಿನಿಂದ. ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಎಂಟು ಮಂದಿ ಮಲಗುತ್ತಿದ್ದರು, ಎಂಟು ಟ್ರಂಕುಗಳು. ಅಪ್ಪಯ್ಯ ನನಗೆ ಬಿಸಿ ದೋಸೆ ತರಿಸಿ, ತಾನು ಎರಡು ಇಡ್ಲಿ, ಒಂದು ಲೋಟ ಚಾ ಇಟ್ಟುಕೊಂಡು ಕೂರುತ್ತಿದ್ದರು. ಇಡ್ಲಿಯನ್ನು ನಾಲ್ಕು ತುಂಡು ಮಾಡಿ, ಒಂದೊಂದನ್ನೇ ಎರಡು ಬೆರಳಿನಲ್ಲಿ ಹಿಡಿದು ಚಾದಲ್ಲಿ ಅದ್ದಿ, ಕಣ್ಣು ಅರ್ಧ ಮುಚ್ಚಿ ತಿನ್ನುತ್ತಿದ್ದರು. ಅಲ್ಲಿ ಅದು ನನಗೆ ವಿಚಿತ್ರವಾಗಿ ಕಾಣುತ್ತಿರಲಿಲ್ಲ.

೧೯೮೧ರ ಡಿಸೆಂಬರಿನಲ್ಲಿ ನಮ್ಮ ಮಂಡಳದ ವಾರ್ಷಿಕೋತ್ಸವ. ಪ್ರಬಂಧ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತು. ವಿಷಯ 'ಶ್ರಮದ ಗೌರವ'. ನಗಬೇಡಿ, ಆ ಕಾಲದಲ್ಲಿ ಅಂಥ ವಿಷಯಗಳನ್ನೇ ಕೊಡುತ್ತಿದ್ದರು. ನಾಲ್ಕು ಪುಟ ಬರೆದಿದ್ದೆ. ದುಡಿಯುವ ಕೈಗಳಿಗೆ ನಮಸ್ಕಾರ ಎಂದೆಲ್ಲ ಇತ್ತು. ಅಪ್ಪಯ್ಯನಿಗೆ ಸುದ್ದಿ ಹೇಳಿದ್ದೆ, ಬನ್ನಿ ಎಂದು ಮಾತ್ರ ಹೇಳಿರಲಿಲ್ಲ. ಅವರೇ ಪಾಳಿ ಬದಲಾಯಿಸಿಕೊಂಡು ಬಂದರು. ಇಸ್ತ್ರಿ ಮಾಡಿದ ಬಿಳಿ ಷರಟು, ಹೊಸ ಚಪ್ಪಲಿ. ಕೊನೆಯ ಸಾಲಿನಲ್ಲಿ ಕೂತು ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ಉಪಾಹಾರ. ಹತ್ತಿರದ ಹೋಟೆಲಿನಿಂದ ಇಡ್ಲಿ, ಸಾಂಬಾರು, ಚಟ್ನಿ, ಚಹಾ. ಎಲ್ಲರೂ ನಿಂತುಕೊಂಡು ತಿನ್ನುತ್ತಿದ್ದೆವು. ಅಪ್ಪಯ್ಯ ಮೂಲೆಯ ಬೆಂಚಿನಲ್ಲಿ ಕೂತು, ಸಾಂಬಾರಿನ ಬಟ್ಟಲನ್ನು ನಿಧಾನವಾಗಿ ಆಚೆ ಸರಿಸಿ, ಇಡ್ಲಿಯನ್ನು ನಾಲ್ಕು ತುಂಡು ಮಾಡಿ, ಒಂದು ತುಂಡನ್ನು ಚಹಾಕ್ಕೆ ಇಳಿಸಿದರು.

ಮೈಸೂರಿನ ಹುಡುಗಿ ನೋಡಿಬಿಟ್ಟಳು. "ಅಯ್ಯೋ, ಅಲ್ನೋಡ್ರೀ! ಇಡ್ಲೀನ ಟೀಲಿ ಅದ್ದ್ಕೊಂಡು ತಿಂತಿದಾರೆ!" ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಬರೀ ಸೋಜಿಗ. ನಾಲ್ಕೈದು ಮಂದಿ ತಿರುಗಿ ನೋಡಿದರು, ನಕ್ಕರು. "ಯಾರ್ರೀ ಅವರು?" ಎಂದು ಅವಳು ನನ್ನನ್ನೇ ಕೇಳಿದಳು.

"ನಮ್ಮ ಊರಿನವರು" ಎಂದೆ.

ಸುಳ್ಳಲ್ಲ. ಅಪ್ಪಯ್ಯ ನಮ್ಮ ಊರಿನವರೇ. ವ್ಯಾಕರಣದಲ್ಲಿ ತಪ್ಪಿಲ್ಲ, ವಾಸ್ತವದಲ್ಲಿ ತಪ್ಪಿಲ್ಲ. ಬೆಂಚು ನಮ್ಮಿಂದ ಹತ್ತು ಹೆಜ್ಜೆ ದೂರ. ನನ್ನ ದನಿ ಆವತ್ತು ಎಷ್ಟು ದೊಡ್ಡದಿತ್ತು ಎಂದು ನಾನು ನಲವತ್ತು ವರ್ಷಗಳಿಂದ ಅಳೆಯುತ್ತಾ ಇದ್ದೇನೆ.

ಅಷ್ಟರಲ್ಲಿ ಧಾರವಾಡದ ಗೆಳೆಯ ತನ್ನ ತಟ್ಟೆ ಹಿಡಿದುಕೊಂಡು ಹೋಗಿ ಅಪ್ಪಯ್ಯನ ಪಕ್ಕದಲ್ಲಿ ಕೂತ. "ಏನ್ ಕಾಕಾ, ಇದ ಹ್ಯಾಂಗಿರ್ತದ?" ಎಂದ. "ತಿಂದು ನೋಡಿ" ಎಂದರು ಅಪ್ಪಯ್ಯ. ಅವನು ಅದ್ದಿದ. ಮೊದಲ ತುಂಡು ಚಹಾದಲ್ಲೇ ಮುಳುಗಿತು. ಅಪ್ಪಯ್ಯ ತನ್ನ ಚಮಚ ಕೊಟ್ಟು, "ತುಂಬ ಹೊತ್ತು ಅದ್ದಬಾರದು" ಎಂದು ಕಲಿಸಿದರು. ಇಬ್ಬರೂ ನಗುತ್ತಿದ್ದರು. ನಾನು ಬಹುಮಾನದ ಪುಸ್ತಕವನ್ನು ತಿರುವಿಹಾಕುತ್ತ ನಿಂತಿದ್ದೆ.

ಮಾಟುಂಗಾ ರೋಡ್ ಸ್ಟೇಷನ್ನಿನವರೆಗೆ ಇಬ್ಬರೂ ನಡೆದು ಹೋದೆವು. ಅಪ್ಪಯ್ಯ ಹೆಚ್ಚು ಮಾತಾಡಲಿಲ್ಲ. "ನಿನ್ನ ಗೆಳೆಯರು ಒಳ್ಳೆಯವರು" ಎಂದರು. ಸ್ವಲ್ಪ ದೂರ ಹೋದ ಮೇಲೆ, "ಇಡ್ಲಿ ಗಟ್ಟಿಯಾಗಿತ್ತು. ಉದ್ದು ಕಡಿಮೆ ಹಾಕಿದ್ದಾರೆ" ಎಂದರು. ನಾನು ಪಾರ್ಲೆಯ ಕಡೆಗೆ, ಅವರು ಎಲ್ಫಿನ್‌ಸ್ಟನ್ ರೋಡಿಗೆ. (ಆ ಸ್ಟೇಷನ್ನಿಗೆ ೨೦೧೮ರಿಂದ ಪ್ರಭಾದೇವಿ ಎಂದು ಹೆಸರು.) ಎದುರು ಬದುರು ಪ್ಲಾಟ್‌ಫಾರ್ಮುಗಳಲ್ಲಿ ನಿಂತೆವು. ನಡುವೆ ಹಳಿ. ನನ್ನ ಗಾಡಿ ಮೊದಲು ಬಂತು.

ಮರುದಿನ ಕಾಲೇಜಿನಲ್ಲಿ ಧಾರವಾಡದ ಗೆಳೆಯ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಅವರು ನಿಮ್ಮಪ್ಪ ಅಲ್ಲೇನಲೇ? ಮೂಗ ಅವರದ ಐತಿ" ಎಂದ. ನಾನು ಉತ್ತರ ಕೊಡಲಿಲ್ಲ. ಅವನು ಅದನ್ನು ಯಾರಿಗೂ ಹೇಳಲಿಲ್ಲ, ನನ್ನ ಹತ್ತಿರವೂ ಮತ್ತೆ ಎತ್ತಲಿಲ್ಲ. ಅಪ್ಪಯ್ಯ ಮಾತ್ರ ನನ್ನ ಕಾಲೇಜಿಗೆ ಮತ್ತೆ ಬರಲಿಲ್ಲ. ಕರೆದಾಗಲೆಲ್ಲ "ಡ್ಯೂಟಿ ಉಂಟು" ಎನ್ನುತ್ತಿದ್ದರು.

ಡ್ಯೂಟಿಯೂ ಹೆಚ್ಚು ಕಾಲ ಉಳಿಯಲಿಲ್ಲ. ೧೯೮೨ರ ಜನವರಿ ೧೮ರಂದು ದತ್ತಾ ಸಾಮಂತರ ಮುಂದಾಳತನದಲ್ಲಿ ಗಿರಣಿ ಕಾರ್ಮಿಕರ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಬಂದರು. ಅನೇಕ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಭೋಂಗಾ ಕೂಗದಿದ್ದರೆ ಹೋಟೆಲಿಗೆ ಗಿರಾಕಿ ಎಲ್ಲಿಂದ? ಮೊದಲು ಉಧಾರಿ ಪುಸ್ತಕ ದಪ್ಪವಾಯಿತು, ಆಮೇಲೆ ಮೇಜುಗಳು ಖಾಲಿಯಾದವು. ಧಣಿಗಳು ೧೯೮೩ರಲ್ಲಿ ಹೋಟೆಲು ಮಾರಿದರು. ಅಪ್ಪಯ್ಯ ಟ್ರಂಕು ಎತ್ತಿಕೊಂಡು ಊರಿಗೆ ಹೋದರು.

ಕೇಳಬೇಕೆಂದುಕೊಂಡದ್ದನ್ನು ನಾನು ಕೇಳಿದ್ದು ೧೯೮೭ರ ಮಳೆಗಾಲದಲ್ಲಿ. ರಜೆಯಲ್ಲಿ ಊರಿಗೆ ಹೋಗಿದ್ದೆ. ಜಗಲಿಯಲ್ಲಿ ಕೂತಿದ್ದೆವು. ಮಾಡಿನಿಂದ ನೀರು ಇಳಿಯುತ್ತಿತ್ತು. ಅಪ್ಪಯ್ಯ ಇಡ್ಲಿ-ಚಾ ಮುಂದಿಟ್ಟುಕೊಂಡಿದ್ದರು.

"ಅಪ್ಪಯ್ಯ, ಇದು ನಿಮಗೆ ಎಲ್ಲಿಂದ ಅಭ್ಯಾಸ ಆದದ್ದು?"

"ಕೋಟೆಯ ಹೋಟೆಲಿನಲ್ಲಿ. ನಾವು ಹುಡುಗರು ಏಳುದು ನಾಲ್ಕೂವರೆಗೆ. ಚಟ್ನಿ ಕಡೆಯುದು ಐದೂವರೆಗೆ, ಸಾಂಬಾರು ಇಳಿಯುದು ಆರಕ್ಕೆ. ಅಷ್ಟರವರೆಗೆ ಹಸಿವು ತಡೆಯಬೇಕಲ್ಲ? ಇದ್ದದ್ದು ಹಿಂದಿನ ರಾತ್ರಿ ಉಳಿದ ಇಡ್ಲಿ. ಕಲ್ಲು! ಬಿಸಿ ಚಾದಲ್ಲಿ ಅದ್ದಿದರೆ ಮೆತ್ತಗೆ ಆಗ್ತದೆ."

ನನಗೆ ಗಂಟಲು ಕಟ್ಟಿತು. ಹದಿಮೂರು ವರ್ಷದ ಹುಡುಗ, ಕತ್ತಲೆ, ತಣ್ಣಗಿನ ಇಡ್ಲಿ. ಮನಸ್ಸಿನಲ್ಲಿ ಆಗಲೇ ಒಂದು ಕತೆ ಹೆಣೆಯುತ್ತಿದ್ದೆ. ನಿಜ ಹೇಳುತ್ತೇನೆ, ಅದಕ್ಕೆ ಹೆಸರನ್ನೂ ಇಟ್ಟಾಗಿತ್ತು. "ಬಡತನದಲ್ಲಿ ಅದನ್ನೇ ತಿನ್ನಬೇಕಾಯ್ತು ಅಲ್ವಾ" ಎಂದೆ.

ಅಪ್ಪಯ್ಯ ನನ್ನನ್ನು ನೋಡಿದರು. "ಶುರುವಿಗೆ ಹೌದು. ಮತ್ತೆ ಸಪ್ಲಾಯರ್ ಆದ ಮೇಲೆ ಸಾಂಬಾರು ಎಷ್ಟು ಬೇಕಾದರೂ ಇತ್ತಲ್ಲ? ಬಕೆಟ್ ನನ್ನ ಕೈಯಲ್ಲೇ ಇತ್ತು. ನಂಗೆ ಇದು ರುಚಿ ಆಗ್ತದೆ ಮಾರಾಯ, ಅದಕ್ಕೆ ತಿನ್ನುದು. ಅದಕ್ಕೆ ಯಾಕೆ ನೀನು ಮುಖ ಹಾಗೆ ಮಾಡುದು?"

ನಕ್ಕವರಿಗೂ ನನಗೂ ಏನು ವ್ಯತ್ಯಾಸ ಎಂದು ಆವತ್ತು ಯೋಚಿಸಿದೆ. ಅವರು ಅಪ್ಪಯ್ಯನ ತಟ್ಟೆ ನೋಡಿ ನಕ್ಕರು, ನಾನು ಕನಿಕರಪಟ್ಟೆ. ಅವರು ಮಾತ್ರ ಆರಾಮವಾಗಿ ತಿನ್ನುತ್ತಿದ್ದರು.

"ಅವತ್ತು ಕಾಲೇಜಿನಲ್ಲಿ ನಾನು ಹೇಳಿದ್ದು..." ಎಂದು ಶುರು ಮಾಡಿದೆ.

"ಯಾವತ್ತು?" ಎಂದರು. ಆಮೇಲೆ, "ಒಳಗೆ ಹೇಳು, ಇನ್ನರ್ಧ ಲೋಟ ಚಾ ಬೇಕಂತೆ ಅಂತ" ಎಂದರು. ನಾನು ಎದ್ದು ಒಳಗೆ ಹೋದೆ. ಹಿಂದೆ ಬರುವಷ್ಟರಲ್ಲಿ ಅಡಿಕೆ ಧಾರಣೆಯ ಮಾತು ಬಂದಿತ್ತು.

ಆ ಜೋಡಿಯ ಗುಟ್ಟು ನನಗೆ ಗೊತ್ತಾದದ್ದು ಇನ್ನೂ ಹತ್ತು ವರ್ಷಗಳ ಮೇಲೆ. ೧೯೯೭ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬ್ರೆಸ್ಲಿನ್ ಮತ್ತು ಬೋಶಾಂಪ್ ಎಂಬ ಇಬ್ಬರು ಅಮೇರಿಕನ್ ವಿಜ್ಞಾನಿಗಳ ಪುಟ್ಟ ಬರಹವೊಂದು ಬಂದಿತ್ತು. ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಕಹಿ ತಗ್ಗಿದ ಕೂಡಲೇ ಅದರಡಿ ಅಡಗಿದ್ದ ಸಿಹಿ ಮೇಲೆ ಬರುತ್ತದೆ ಎಂಬುದು ಅದರ ಸಾರಾಂಶ. ಸೀಬೆಗೆ ಉಪ್ಪು ಸವರುವವರೆಲ್ಲ ಇದನ್ನು ಮೊದಲೇ ಬಲ್ಲರು. ಬನ್ ಮಸ್ಕಾದ ಉಪ್ಪುಬೆಣ್ಣೆ, ಹೈದರಾಬಾದಿನ ಉಸ್ಮಾನಿಯಾ ಬಿಸ್ಕತ್ತಿನ ಉಪ್ಪು-ಸಿಹಿ, ನಮ್ಮ ಸಂಪಾದಕರ ಚಕ್ಕುಲಿ, ಎಲ್ಲವೂ ಇದೇ ಕುಟುಂಬದವು. ಹೋಟೆಲಿನಲ್ಲಿ ಮತ್ತೆ ಮತ್ತೆ ಕುದಿದ ಚಾ ಕಹಿಯಾಗಿರುತ್ತದೆ. ಇಡ್ಲಿಯಲ್ಲಿ ಹದವಾಗಿ ಉಪ್ಪಿರುತ್ತದೆ. ಇನ್ನು ತಣ್ಣಗಾದ ಇಡ್ಲಿ ಕಲ್ಲಾಗುವುದು ಅಕ್ಕಿಯ ಪಿಷ್ಟ ಮತ್ತೆ ಬಿಗಿಯಾಗುವುದರಿಂದ. ಬಿಸಿ ಸಿಕ್ಕಿದರೆ ಅದು ಸಡಿಲುತ್ತದೆ. ಅಂದರೆ ಅಮೇರಿಕದ ಪ್ರಯೋಗಶಾಲೆಯವರು ಬರೆದದ್ದನ್ನು ಕೋಟೆಯ ಅಡಿಗೆಮನೆಯ ಹುಡುಗರು ಬೆಳಿಗ್ಗೆ ನಾಲ್ಕೂವರೆಗೆ ಕಂಡುಕೊಂಡಿದ್ದರು.

ಈ ವಿಷಯ ಅಪ್ಪಯ್ಯನಿಗೆ ಹೇಳಿದಾಗ, "ಹಾಗಾದರೆ ನಾನು ಸರಿ ಅಂತ ಆಯ್ತು" ಎಂದರು. ಯಾರೂ ತಪ್ಪೆಂದು ಅವರಿಗೆ ಎದುರಿಗೆ ಹೇಳಿರಲಿಲ್ಲ. ಹಾಗಿದ್ದೂ ಹಾಗೆಂದರು.

ಸಂಪಾದಕರು ಕ್ಷಮಿಸಬೇಕು. ೨೦೦೪ರಲ್ಲಿ ಅಪ್ಪಯ್ಯ ತೀರಿಕೊಂಡರು. ನಮ್ಮಲ್ಲಿ, ಹೋದವರಿಗೆ ಇಷ್ಟವಾಗಿದ್ದನ್ನು ಎಲೆಯಲ್ಲಿ ಬಡಿಸಿಡುವ ಪದ್ಧತಿಯುಂಟು. ನಾನು ಎರಡು ಇಡ್ಲಿ ಇಟ್ಟೆ, ಪಕ್ಕದಲ್ಲಿ ಒಂದು ಲೋಟ ಚಾ. ಊರಿನವರು, ನೆಂಟರು, ಮುಂಬಯಿಯಿಂದ ಬಂದ ಹಳೆಯ ಹೋಟೆಲಿನವರು ಎಲ್ಲ ಸುತ್ತ ನಿಂತಿದ್ದರು. ದೊಡ್ಡಮ್ಮ, "ಇದೆಂತ, ಇಡ್ಲಿಗೆ ಚಾ? ಸಾಂಬಾರು ಹಾಕು" ಎಂದರು.

"ಬೇಡ ದೊಡ್ಡಮ್ಮ. ನನ್ನ ಅಪ್ಪಯ್ಯ ಹೀಗೇ ತಿನ್ನುದು" ಎಂದೆ.

ಸ್ವಲ್ಪ ದೊಡ್ಡ ದನಿಯಲ್ಲೇ ಹೇಳಿದೆ. ಕೇಳಬೇಕಾದವರಿಗೆ ಕೇಳಿಸಲು ಅದು ಸಾಕಾಗಲಿಲ್ಲ ಎಂದು ನನಗೆ ಗೊತ್ತು.

ಈಗ ನಾನೂ ಭಾನುವಾರ ಬೆಳಿಗ್ಗೆ ಎರಡು ಇಡ್ಲಿ, ಒಂದು ಲೋಟ ಚಾ ಇಟ್ಟುಕೊಂಡು ಕೂರುತ್ತೇನೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಮೊದಲ ಸಲ ಚೆನ್ನಾಗಿರಲಿಲ್ಲ. ಇಡ್ಲಿಯ ಹುಳಿಯೂ ಚಾದ ಸಿಹಿಯೂ ಬಾಯೊಳಗೆ ಜಗಳಾಡಿದವು. ಮೂರನೆಯ ಭಾನುವಾರ ರಾಜಿಯಾದವು. ಧಾರವಾಡದ ಗೆಳೆಯ ಈಗ ನಿವೃತ್ತನಾಗಿ ಪುಣೆಯಲ್ಲಿದ್ದಾನೆ. ಬಂದಾಗಲೆಲ್ಲ ತನಗೂ ಅದೇ ಬೇಕು ಎನ್ನುತ್ತಾನೆ. "ಕಾಕಾ ಕಲಿಸಿದ್ದು" ಎನ್ನುತ್ತಾನೆ.

ಮಂಡಳದ ತರುಣ ಮಿತ್ರರೇ, ಈ ಸಲದ ವಾರ್ಷಿಕೋತ್ಸವದ ಉಪಾಹಾರದಲ್ಲಿ ಯಾರಾದರೂ ಜಿಲೇಬಿಯನ್ನು ಸಾಂಬಾರಿಗೆ ಅದ್ದುವುದನ್ನು ಕಂಡರೆ ಬೇಕಾದರೆ ನಗಿ, ತಪ್ಪಿಲ್ಲ. ನಕ್ಕು ಮುಗಿದ ಮೇಲೆ ತಟ್ಟೆ ಹಿಡಿದುಕೊಂಡು ಹೋಗಿ ಅವರ ಪಕ್ಕದಲ್ಲಿ ಕೂತುಕೊಳ್ಳಿ. ಇಡ್ಲಿ-ಚಾ ತಿಂದು ನೋಡುವವರಿಗೆ ಒಂದೇ ಸೂಚನೆ: ತುಂಬ ಹೊತ್ತು ಅದ್ದಬಾರದು. ಮುಳುಗಿದರೆ ಚಮಚ ಬೇಕಾಗುತ್ತದೆ.